ಮ್ಯೂಎ 709 ಮಂಡಲವನ್ನು 741 ಚಿಪ್‌ಗೆ ಹೊಂದಿಸುವಿಕೆ

ಮ್ಯೂಎ 709 ಎಂಬ ಕಾರ್ಯಕಾರಿ ವರ್ಧಕ ಚಿಪ್ಪಿಗಾಗಿ ರಚಿಸಿದ ವಿದ್ಯುನ್ಮಂಡಲವನ್ನು, ಅದರ ಉತ್ತರಾಧಿಕಾರಿಯಾದ ಮ್ಯೂಎ 741 ಚಿಪ್ಪಿನೊಡನೆ ಕೆಲಸ ಮಾಡುವಂತೆ ಪರಿಷ್ಕರಿಸುವ ಕ್ರಮವೇ ಈ ಹೊಂದಿಸುವಿಕೆ. ಎರಡೂ ಅಮೆರಿಕದ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಸಂಸ್ಥೆಯ ತಯಾರಿಕೆಗಳು. ಎಂಟು ಕಾಲಿನ ಕವಚದಲ್ಲಿ ಇವುಗಳ ಮುಖ್ಯ ಕಾಲುಗಳು ಒಂದೇ ಸ್ಥಾನದಲ್ಲಿರುವುದರಿಂದ, ಒಂದನ್ನು ಕಿತ್ತು ಇನ್ನೊಂದನ್ನು ಕೂರಿಸಿದರೆ ಸಾಕೆಂಬ ಭಾವನೆ ಬರುವುದು ಸಹಜ. ಅದು ಅರ್ಧ ಮಾತ್ರ ನಿಜ.

ಹಿನ್ನೆಲೆ

709 ಚಿಪ್ಪನ್ನು ಬಾಬ್ ವಿಡ್ಲರ್ ವಿನ್ಯಾಸಗೊಳಿಸಿದರು. ಅದು 1965ರಲ್ಲಿ ಮಾರುಕಟ್ಟೆಗೆ ಬಂದಿತು. ಅನಂತರ ವಿಡ್ಲರ್ ನ್ಯಾಷನಲ್ ಸೆಮಿಕಂಡಕ್ಟರ್ ಸಂಸ್ಥೆಯನ್ನು ಸೇರಿ ಎಲ್‌ಎಂ 101 ಚಿಪ್ಪನ್ನು ರೂಪಿಸಿದರು. ಇದಕ್ಕೆ ಉತ್ತರವೆಂಬಂತೆ ಫೇರ್‌ಚೈಲ್ಡ್‌ನ ಡೇವ್ ಫುಲ್ಲಗರ್ 1968ರಲ್ಲಿ 741 ಚಿಪ್ಪನ್ನು ತಂದರು. ಆಂದೋಲನವನ್ನು ತಡೆಯುವ ಸುಮಾರು 30 ಪಿಕೋಫ್ಯಾರಡ್ ಧಾರಕವನ್ನು ಚಿಪ್ಪಿನ ಒಳಗೇ ಇರಿಸಿದ್ದು ಅದರ ಪ್ರಮುಖ ವೈಶಿಷ್ಟ್ಯ.

ಹೊರಗಿನ ಬಿಡಿಭಾಗಗಳು

ಎರಡರಲ್ಲೂ 2ನೆಯ ಕಾಲು ವಿಲೋಮ ಆದಾನ, 3ನೆಯದು ಅನುಲೋಮ ಆದಾನ, 4ನೆಯದು ಋಣ ವಿದ್ಯುತ್ ಪೂರೈಕೆ, 6ನೆಯದು ಪ್ರದಾನ, 7ನೆಯದು ಧನ ಪೂರೈಕೆ. ವ್ಯತ್ಯಾಸವಿರುವುದು ಉಳಿದ ಮೂರರಲ್ಲಿ. 709ರಲ್ಲಿ 1 ಮತ್ತು 8ನೆಯ ಕಾಲುಗಳ ನಡುವೆ ಒಂದು ರೋಧಕವನ್ನೂ ಒಂದು ಧಾರಕವನ್ನೂ ಸರಣಿಯಲ್ಲಿ ಜೋಡಿಸಬೇಕು. 5 ಮತ್ತು 6ರ ನಡುವೆ ಮತ್ತೊಂದು ಧಾರಕ ಬೇಕು. ಮಂಡಲದ ವರ್ಧನೆ 1 ಆಗಿದ್ದರೆ ಇವುಗಳ ಬೆಲೆ ಕ್ರಮವಾಗಿ 1.5 ಕಿಲೋ ಓಮ್, 5000 ಪಿಕೋಫ್ಯಾರಡ್ ಮತ್ತು 200 ಪಿಕೋಫ್ಯಾರಡ್. ವರ್ಧನೆ 100 ಆಗಿದ್ದರೆ ಧಾರಕಗಳು 100 ಮತ್ತು 3 ಪಿಕೋಫ್ಯಾರಡ್‌ಗೆ ಇಳಿಯುತ್ತವೆ.

741ರಲ್ಲಿ 8ನೆಯ ಕಾಲಿಗೆ ಒಳಗೆ ಯಾವ ಸಂಪರ್ಕವೂ ಇಲ್ಲ. ಆದುದರಿಂದ ಮೊದಲ ಜೋಡಣೆ ಹಾಗೆಯೇ ಉಳಿದರೂ ಅದರಿಂದ ವಿದ್ಯುತ್ ಹರಿಯದು. ಆದರೆ 5ನೆಯ ಕಾಲು ಇಲ್ಲಿ ಆಫ್‌ಸೆಟ್ ಸರಿಪಡಿಸುವ ಕಾಲು. ಅದು ಆದಾನ ಹಂತದೊಳಗಿನ ಒಂದು ಸೂಕ್ಷ್ಮ ಬಿಂದು. 5 ಮತ್ತು 6ರ ನಡುವಿನ ಹಳೆಯ ಧಾರಕವನ್ನು ತೆಗೆಯದಿದ್ದರೆ, ವಿನ್ಯಾಸಕಾರನು ಎಣಿಸಿರದ ಹಾದಿಯೊಂದು ಪ್ರದಾನದಿಂದ ಆ ಬಿಂದುವಿಗೆ ತೆರೆದುಕೊಳ್ಳುತ್ತದೆ. ಹೀಗಾಗಿ ಈ ಧಾರಕವನ್ನು ತೆಗೆಯುವುದು ಕಡ್ಡಾಯ. ಮೊದಲನೆಯ ಜೋಡಣೆಯನ್ನು ತೆಗೆಯುವುದು ಅಚ್ಚುಕಟ್ಟು. ಹದಿನಾಲ್ಕು ಕಾಲಿನ ಕವಚದಲ್ಲಿ ಇದೇ ಪಾತ್ರವನ್ನು 9 ಮತ್ತು 10ನೆಯ ಕಾಲುಗಳು ವಹಿಸುತ್ತವೆ.

709ಕ್ಕೆ ಆಫ್‌ಸೆಟ್ ಸರಿಪಡಿಸಲು ಪ್ರತ್ಯೇಕ ಕಾಲುಗಳಿರಲಿಲ್ಲ. ಆದಾನಕ್ಕೆ ಅಲ್ಪ ವಿದ್ಯುತ್ತನ್ನು ಸೇರಿಸಿ ಆ ಕೆಲಸವನ್ನು ಮಾಡುತ್ತಿದ್ದರು. ಈ ಏರ್ಪಾಡನ್ನು ಹಾಗೆಯೇ ಉಳಿಸಿಕೊಳ್ಳಬಹುದು, ಇಲ್ಲವೇ 10 ಕಿಲೋ ಓಮ್ ಪೊಟೆನ್ಷಿಯೋಮೀಟರಿನ ತುದಿಗಳನ್ನು 1 ಮತ್ತು 5ಕ್ಕೂ ಮಧ್ಯದ ಕಾಲನ್ನು ಋಣ ಪೂರೈಕೆಗೂ ಜೋಡಿಸಬಹುದು.

ರಕ್ಷಣಾ ಭಾಗಗಳು

709ರ ಎರಡು ಆದಾನಗಳ ನಡುವಿನ ವೋಲ್ಟೇಜು 5 ವೋಲ್ಟನ್ನು ಮೀರುವಂತಿರಲಿಲ್ಲ. ಪ್ರದಾನವು ನೆಲಕ್ಕೆ ತಗುಲಿದರೆ ಚಿಪ್ಪು ಸುಡುವ ಅಪಾಯವಿತ್ತು. ವೋಲ್ಟೇಜ್ ಅನುಯಾಯಿಯಾಗಿ ಬಳಸಿದಾಗ ಆದಾನ ಮಿತಿ ಮೀರಿದರೆ ಪ್ರದಾನವು ಒಂದು ತುದಿಯಲ್ಲಿ ಸಿಕ್ಕಿಬೀಳುತ್ತಿತ್ತು. ಹಾಗಾಗಿ ಹಳೆಯ ಫಲಕಗಳಲ್ಲಿ ಕಾವಲು ಡಯೋಡುಗಳೂ ಪ್ರದಾನದ ರೋಧಕಗಳೂ ಕಾಣಸಿಗುತ್ತವೆ. 741ರಲ್ಲಿ ಈ ಮೂರೂ ದೋಷಗಳು ನಿವಾರಣೆಯಾಗಿವೆ: ಆದಾನಗಳ ನಡುವೆ 30 ವೋಲ್ಟಿನವರೆಗೆ ಅದು ತಡೆದುಕೊಳ್ಳುತ್ತದೆ, ಪ್ರದಾನ ವಿದ್ಯುತ್ತನ್ನು ಸುಮಾರು 25 ಮಿಲಿಆಂಪಿಯರ್‌ಗೆ ತಾನೇ ಸೀಮಿತಗೊಳಿಸಿಕೊಳ್ಳುತ್ತದೆ. ಕಾವಲು ಭಾಗಗಳನ್ನು ಉಳಿಸಿಕೊಂಡರೆ ಸಾಮಾನ್ಯ ವರ್ಧಕಗಳಲ್ಲಿ ಹಾನಿಯಿಲ್ಲ. ಅವು ನಿರುದ್ಯೋಗಿಗಳಾಗುತ್ತವೆ, ಅಷ್ಟೆ.

ವೇಗದ ಕೊರತೆ

ಹೊಂದಿಸುವಿಕೆಯ ನಿಜವಾದ ತೊಡಕು ಇರುವುದು ಇಲ್ಲಿ. ಹೊಸ ಚಿಪ್ಪು ಎಲ್ಲ ವಿಷಯಗಳಲ್ಲೂ ಮೇಲೆಂಬ ನಂಬಿಕೆ ಸಡಿಲವಾಗುವುದೂ ಇಲ್ಲಿಯೇ. 709ರಲ್ಲಿ ವರ್ಧನೆ ಹೆಚ್ಚಿದಂತೆ ಹೊರಗಿನ ಧಾರಕಗಳನ್ನು ಕಿರಿದಾಗಿಸಬಹುದಾಗಿತ್ತು. ಹಾಗಾಗಿ ವರ್ಧನೆ 100 ಇದ್ದಾಗಲೂ ಅದು ನೂರಾರು ಕಿಲೋಹರ್ಟ್ಜ್‌ವರೆಗೆ ಕೆಲಸ ಮಾಡುತ್ತಿತ್ತು. 741ರ ಒಳಧಾರಕವು ವರ್ಧನೆ 1 ಇದ್ದಾಗಲೂ ಸ್ಥಿರತೆ ಕೆಡದಂತೆ ಅಳವಡಿಸಿದ್ದು. ಅದನ್ನು ಹೊರಗಿನಿಂದ ಕಡಿಮೆ ಮಾಡಲಾಗದು. ವರ್ಧನೆ ಮತ್ತು ಆವರ್ತನ ವ್ಯಾಪ್ತಿಗಳ ಗುಣಲಬ್ಧ ಸುಮಾರು 1 ಮೆಗಾಹರ್ಟ್ಜ್. ಆದುದರಿಂದ 100ರ ವರ್ಧನೆಯಲ್ಲಿ ವ್ಯಾಪ್ತಿ 10 ಕಿಲೋಹರ್ಟ್ಜ್‌ಗೆ ಕುಸಿಯುತ್ತದೆ. ಮೈಕ್ರೋಫೋನ್ ಪೂರ್ವವರ್ಧಕವೊಂದರಲ್ಲಿ ಹೀಗೆ ಬದಲಾಯಿಸಿದರೆ ಮಂಡಲ ಕೆಟ್ಟಂತೆ ತೋರದು. ಮೇಲಿನ ಸ್ವರಗಳು ಮಾತ್ರ ಮಂಕಾಗುತ್ತವೆ. ದೋಷವು ಮೌನವಾಗಿರುವುದರಿಂದಲೇ ಪತ್ತೆ ಕಷ್ಟ.

ಪ್ರದಾನ ವೋಲ್ಟೇಜು ಏರುವ ವೇಗವೂ ಮೈಕ್ರೋಸೆಕೆಂಡಿಗೆ 0.5 ವೋಲ್ಟ್ ಮಾತ್ರ. 10 ವೋಲ್ಟ್ ಶಿಖರದ ಸೈನ್ ಅಲೆಯು ಸುಮಾರು 8 ಕಿಲೋಹರ್ಟ್ಜ್ ದಾಟಿದರೆ ತ್ರಿಕೋನಾಕಾರಕ್ಕೆ ತಿರುಗತೊಡಗುತ್ತದೆ. ಶಿಖರ 1 ವೋಲ್ಟ್ ಆಗಿದ್ದರೆ ಈ ಮಿತಿ 80 ಕಿಲೋಹರ್ಟ್ಜ್.

ಪರಿಹಾರಗಳು

ವರ್ಧನೆಯನ್ನು ಎರಡು ಹಂತಗಳಿಗೆ ಹಂಚುವುದು ಒಂದು ಮಾರ್ಗ. ಹತ್ತು ಹತ್ತರ ಎರಡು ಹಂತಗಳಿಂದ ಒಟ್ಟು ವರ್ಧನೆ 100 ಆಗಿಯೇ ಉಳಿದು, ವ್ಯಾಪ್ತಿಯು ಸುಮಾರು 64 ಕಿಲೋಹರ್ಟ್ಜ್ ಆಗುತ್ತದೆ. ಫಲಕದಲ್ಲಿ ಸ್ಥಳವಿಲ್ಲದಿದ್ದರೆ ಒಳಧಾರಕವಿಲ್ಲದ 741 ಎನ್ನಬಹುದಾದ 748 ಚಿಪ್ಪನ್ನು ಬಳಸಬಹುದು. ಅದರಲ್ಲಿ 1 ಮತ್ತು 8ರ ನಡುವೆ, ವರ್ಧನೆ 1 ಇದ್ದರೆ 30, ವರ್ಧನೆ 10 ಇದ್ದರೆ 3 ಪಿಕೋಫ್ಯಾರಡ್ ಧಾರಕವನ್ನು ಹಾಕಬೇಕು. ಅನಂತರ ಬಂದ ಟಿಎಲ್ 071 ಚಿಪ್ಪಿನ ಮುಖ್ಯ ಕಾಲುಗಳೂ ಇವೇ ಸ್ಥಾನದಲ್ಲಿದ್ದು, ಅದರ ಏರುವೇಗ ಮೈಕ್ರೋಸೆಕೆಂಡಿಗೆ ಸುಮಾರು 13 ವೋಲ್ಟ್. ಇಂದು ಹಳೆಯ ಉಪಕರಣಗಳನ್ನು ದುರಸ್ತಿ ಮಾಡುವವರಿಗೆ ಇದು ಹೆಚ್ಚು ಅನುಕೂಲ. ಯಾವುದನ್ನೇ ಕೂರಿಸಿದರೂ, ಚೌಕ ಅಲೆಯನ್ನು ಕೊಟ್ಟು ಪ್ರದಾನವನ್ನು ಆಸಿಲೋಸ್ಕೋಪಿನಲ್ಲಿ ನೋಡಬೇಕು: ಅಲೆಯ ಮೂಲೆಯಲ್ಲಿ ನಡುಕ ಕಂಡರೆ ಸ್ಥಿರತೆ ಸಾಲದು, ಅಂಚು ಓರೆಯಾದರೆ ವೇಗ ಸಾಲದು.