ಲೆಕ್ಕದ ಕಡತವೂ ಓಲೆಯ ಕಟ್ಟೂ

ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರ ದೇವಾಲಯದ ಭಿತ್ತಿಗಳನ್ನು ಕಂಡು ಬೆರಗಾಗಿ ಹಿಂದಿರುಗುವರು. ಅಂದು ದೋರಸಮುದ್ರವೆನಿಸಿದ್ದ ಆ ರಾಜಧಾನಿಯಲ್ಲಿ ಕರಣಿಕನೊಬ್ಬನು ನರಸಿಂಹ ಬಲ್ಲಾಳನ ಆಯವ್ಯಯಗಳನ್ನು ಬರೆಯುತ್ತಿದ್ದನೆಂಬುದನ್ನು ನೆನೆಯುವವರು ವಿರಳ. ಆತನೇ ಹರಿಹರ ಮಹಾಕವಿ. ಪರಂಪರೆಯು ಹೇಳುವಂತೆ, ಆತನು ಅರಸನ ಲೆಕ್ಕವನ್ನು ತೊರೆದು ಹಂಪೆಗೆ ತೆರಳಿ, ವಿರೂಪಾಕ್ಷನ ಸನ್ನಿಧಿಯಲ್ಲಿ ಶರಣರ ಚರಿತೆಗಳನ್ನು ರಗಳೆಗಳಾಗಿ ರಚಿಸಿದನು. ಕೆರೆಯ ಪದ್ಮರಸನೂ ಇದೇ ರಾಜಧಾನಿಯ ಸೇವೆಯಲ್ಲಿದ್ದವನೇ.

ಇವರು ಬರೆದುದೆಲ್ಲವೂ ಮುಂದೆ ಏನಾಯಿತು? ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ಓಲೆಯ ಕಟ್ಟುಗಳಾಗಿ ಉಳಿಯಿತು. ವಸ್ತ್ರದಲ್ಲಿ ಸುತ್ತಿ ಜಗುಲಿಯ ಮೇಲಿಟ್ಟು ವಿಭೂತಿ ಧರಿಸಿ ಪೂಜಿಸಿದೆವು. ಬಿಚ್ಚಿ ಓದಿದವರು ಕಡಿಮೆ. ಹುಳುವಿಗೆ ಆಹಾರವಾದವು ಎಷ್ಟೋ! ಪೂಜೆಯೂ ಒಮ್ಮೊಮ್ಮೆ ಮರೆವಿನ ಇನ್ನೊಂದು ರೂಪವಾಗುವುದೆಂದರೆ ಭಕ್ತರು ಕೋಪಿಸಬಾರದು.

1880ರಲ್ಲಿ ಧಾರವಾಡದಲ್ಲಿ ಜನಿಸಿದ ಫ. ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು. 1903ರ ಸುಮಾರಿಗೆ ರಬಕವಿಯ ಮಂಚಾಲೆ ಮನೆತನದಲ್ಲಿ ಅವರ ಕೈಗೆ ಕೆಲವು ತಾಳೆಯೋಲೆಗಳು ದೊರೆತವು. ಷಟ್‌ಸ್ಥಲ ತಿಲಕ, ಪ್ರಭುದೇವರ ವಚನ ಮೊದಲಾದ ಗ್ರಂಥಗಳು ಅಲ್ಲಿದ್ದವು. ಅಂದಿನಿಂದ ಅವರ ಜೀವನದ ದಾರಿಯೇ ಬೇರೆಯಾಯಿತು. ವಿಜಾಪುರದಲ್ಲಿ ವಕೀಲಿಯನ್ನು ನಡೆಸುತ್ತಲೇ ಊರೂರು ತಿರುಗಿ, ಮಠಾಧಿಪತಿಗಳನ್ನೂ ಗೃಹಸ್ಥರನ್ನೂ ಬೇಡಿ ಪ್ರತಿಗಳನ್ನು ಕೂಡಿಸಿದರು. ಓಲೆಯಲ್ಲಿ ಪದಗಳ ನಡುವೆ ತೆರಪಿಲ್ಲ, ವಿರಾಮಚಿಹ್ನೆಗಳಿಲ್ಲ. ಒಂದು ವಚನ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗುವುದೆಂಬುದನ್ನು ಹಲವೆಡೆ ಅಂಕಿತದಿಂದಲೇ ಅರಿಯಬೇಕು. ಪ್ರತಿಪ್ರತಿಗೂ ಪಾಠಭೇದ. ಇಂತಹ ಶ್ರಮವನ್ನು ದಿನವೆಲ್ಲ ನ್ಯಾಯಾಲಯದಲ್ಲಿ ದುಡಿದವರು ಹೇಗೆ ಹೊತ್ತರೋ!

1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವು ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಮುದ್ರಣಾಲಯವನ್ನು ನೆಚ್ಚಿದರೆ ಕಾರ್ಯ ಸಾಗದೆಂದು ಕಂಡು, 1925ರಲ್ಲಿ ಇದ್ದ ಮನೆಯನ್ನೇ ಮಾರಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ತೊಡಗಿದರು. ದೋರಸಮುದ್ರದ ಕರಣಿಕನ ರಗಳೆಗಳೂ ಅವರಿಂದ ಅಚ್ಚಿನ ರೂಪವನ್ನು ಪಡೆದವು. ಅರಸನ ಕಡತವನ್ನು ಬಿಟ್ಟ ಹರಿಹರನನ್ನು ನ್ಯಾಯಾಲಯದ ಕಡತಗಳ ನಡುವೆಯೇ ಬಾಳಿದ ಹಳಕಟ್ಟಿಯವರು ನಮಗೆ ಮರಳಿ ಕೊಟ್ಟರು.

ಅವರು 1964ರಲ್ಲಿ ಲಿಂಗೈಕ್ಯರಾದರು. ಕರ್ನಾಟಕ ಸರ್ಕಾರವು 1993ರಲ್ಲಿ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಇಂದು ಪುಸ್ತಕದಂಗಡಿಯ ಕಪಾಟಿನಿಂದ ವಚನಗ್ರಂಥವೊಂದನ್ನು ನಾವು ನಿರಾಯಾಸವಾಗಿ ಕೈಗೆತ್ತಿಕೊಳ್ಳುತ್ತೇವೆ. ಆದರೆ ವಾಚಕರೇ, ನಿಮ್ಮ ಅಟ್ಟದ ಮೇಲೆ, ಹಿರಿಯರ ಪೆಟ್ಟಿಗೆಯಲ್ಲಿ ಬಿಚ್ಚದ ಕಟ್ಟೊಂದು ಇಂದಿಗೂ ಇದ್ದೀತು. ಈ ಶ್ರಾವಣದಲ್ಲಿ ಪೂಜೆಗೆಂದು ಕೆಳಗಿಳಿಸಿದಾಗ, ಒಣಗಿದ ದಾರವನ್ನು ಎಳೆಯದೆ ಮೆಲ್ಲನೆ ಸಡಿಲಿಸಿರಿ, ಓದಬಲ್ಲವರಿಗೆ ತೋರಿಸಿರಿ.