ಹನ್ನೆರಡು ವೋಲ್ಟಿನ ಅಪ್ಪಣೆ

ವಿದ್ಯುತ್ ಕಾರು ನಮ್ಮ ಕಾಲದ ವಸ್ತು ಎಂದೇ ನಾವೆಲ್ಲ ಅಂದುಕೊಂಡಿದ್ದೇವೆ. ಪುಣೆಯ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಹಸಿರು ನಂಬರ್ ಪ್ಲೇಟುಗಳು ಒಂದೊಂದಾಗಿ ಹೆಚ್ಚುತ್ತಿರುವುದನ್ನು ನೋಡಿದರೆ ಹಾಗೆ ಅನ್ನಿಸುವುದು ಸಹಜವೇ. ಆದರೆ 1900ರಲ್ಲಿ ಅಮೆರಿಕದಲ್ಲಿ ತಯಾರಾದ 4,192 ಮೋಟಾರು ಗಾಡಿಗಳಲ್ಲಿ 1,681 ಉಗಿಯಿಂದ ಓಡುತ್ತಿದ್ದವು, 1,575 ವಿದ್ಯುತ್ತಿನಿಂದ. ಪೆಟ್ರೋಲಿನವು ಬರೀ 936. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಈ ಲೆಕ್ಕ ತಲೆಕೆಳಗಾಯಿತು. ತೈಲ ಅಗ್ಗವಾಯಿತು, ಹೆನ್ರಿ ಫೋರ್ಡ್ ಕಾರಿನ ಬೆಲೆ ಇಳಿಸಿದ, ಊರಿನಿಂದೂರಿಗೆ ರಸ್ತೆಗಳಾದವು. ಇವೆಲ್ಲ ಗೊತ್ತಿರುವ ಕಾರಣಗಳು. ಇವುಗಳ ಜೊತೆಗೆ ಇನ್ನೊಂದು ಸಣ್ಣ ಕಾರಣವೂ ಇತ್ತು. ಅದರ ವಂಶದ ಕುಡಿ ಇವತ್ತಿಗೂ ನಮ್ಮ ಹೊಸ ವಿದ್ಯುತ್ ಕಾರುಗಳ ಬಾನೆಟ್ಟಿನ ಕೆಳಗೆ ಕುಳಿತಿದೆ. ಒಮ್ಮೊಮ್ಮೆ ಕಾರನ್ನು ನಡುರಸ್ತೆಯಲ್ಲಿ ನಿಲ್ಲಿಸಿಬಿಡುತ್ತದೆ. ಅದೇ 12 ವೋಲ್ಟಿನ ಬ್ಯಾಟರಿ. ಈ ಬರಹ ಅದರ ಬಗ್ಗೆ.

ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿಯನ್ನು 1859ರಲ್ಲಿ ಮಾಡಿದವನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ. ಸೀಸದ ಎರಡು ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ, ಗಂಧಕಾಮ್ಲದಲ್ಲಿ ಮುಳುಗಿಸಿಟ್ಟದ್ದು ಅವನ ಉಪಾಯ. 1881ರಲ್ಲಿ ಕಮಿಲ್ ಫೋರ್ ಎಂಬವನು ಸೀಸದ ಮೇಲೆ ಅದರ ಆಕ್ಸೈಡಿನ ಲೇಪ ಹಚ್ಚಿ ಅದರ ಶಕ್ತಿ ಹೆಚ್ಚಿಸಿದ. ಅದೇ ವರ್ಷ ಗುಸ್ತಾವ್ ತ್ರೂವೆ ಪ್ಯಾರಿಸ್ಸಿನ ಬೀದಿಯಲ್ಲಿ ಬ್ಯಾಟರಿಯ ಮೂರು ಚಕ್ರದ ಗಾಡಿ ಓಡಿಸಿ ತೋರಿಸಿದ. 1899ರಲ್ಲಿ ಬೆಲ್ಜಿಯಮ್ಮಿನ ಕಮಿಲ್ ಜೆನಾಟ್ಸಿ ಗಂಟೆಗೆ 105.88 ಕಿ.ಮೀ. ವೇಗದಲ್ಲಿ ಕಾರು ಓಡಿಸಿದ. ಗಂಟೆಗೆ ನೂರು ಕಿಲೋಮೀಟರ್ ದಾಟಿದ ಆ ಮೊದಲ ಕಾರು ವಿದ್ಯುತ್ತಿನದು, ಅದರೊಳಗಿದ್ದದ್ದು ಇದೇ ಸೀಸದ ಬ್ಯಾಟರಿ.

ಆಗಿನ ಪೆಟ್ರೋಲ್ ಕಾರು ಅಷ್ಟು ಸುಲಭದ್ದಾಗಿರಲಿಲ್ಲ. ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸಬೇಕು. ಎಂಜಿನ್ ಒಮ್ಮೆ ಹಿಂದಕ್ಕೆ ಒದ್ದರೆ ಮುಂಗೈ ಮುರಿಯುತ್ತಿತ್ತು. ವಿದ್ಯುತ್ ಕಾರಿಗೆ ಈ ತಾಪತ್ರಯವೇ ಇಲ್ಲ. ಕುಳಿತು ಲಿವರ್ ತಳ್ಳಿದರೆ ಹೊರಟಿತು. ಹಾಗಾಗಿ ನಗರದ ವೈದ್ಯರು, ಉಳ್ಳವರ ಮನೆಯ ಹೆಂಗಸರು ಅದನ್ನೇ ಇಷ್ಟಪಡುತ್ತಿದ್ದರು. ಪೆಟ್ರೋಲ್ ಕಾರಿನ ದೊರೆ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದು ಕೂಡ 1914ರ ಡೆಟ್ರಾಯ್ಟ್ ಎಲೆಕ್ಟ್ರಿಕ್ ಕಾರು.

ಈ ಕೈಹ್ಯಾಂಡಲಿನ ಕಾಟ ತಪ್ಪಿಸಿದವನು ಚಾರ್ಲ್ಸ್ ಕೆಟರಿಂಗ್. ಅಂಗಡಿಗಳ ನಗದು ಪೆಟ್ಟಿಗೆಗೆ ವಿದ್ಯುತ್ ಮೋಟಾರು ಜೋಡಿಸಿ ಅನುಭವವಿದ್ದವನು. ಪೆಟ್ಟಿಗೆಯ ಮೋಟಾರು ಒಂದೆರಡು ಕ್ಷಣ ಜೋರಾಗಿ ತಿರುಗಿದರೆ ಸಾಕು, ಇಡೀ ದಿನ ಓಡಬೇಕಿಲ್ಲ. ಎಂಜಿನ್ ಎಬ್ಬಿಸುವುದೂ ಅಂಥದ್ದೇ ಕೆಲಸ ಎಂದು ಅವನಿಗೆ ಹೊಳೆಯಿತು. 1912ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಅವನ ಸೆಲ್ಫ್ ಸ್ಟಾರ್ಟರ್ ಬಂತು. ಒಂದೇ ಯಂತ್ರ ಮೊದಲು ಎಂಜಿನ್ನನ್ನು ತಿರುಗಿಸುತ್ತಿತ್ತು, ಆಮೇಲೆ ಎಂಜಿನ್ನಿನಿಂದ ತಾನು ತಿರುಗಿ ಬ್ಯಾಟರಿ ತುಂಬಿಸುತ್ತಿತ್ತು. ಅಂದರೆ ವಿದ್ಯುತ್ ಕಾರಿನ ಬ್ಯಾಟರಿ ಮತ್ತು ಮೋಟಾರನ್ನೇ ಚಿಕ್ಕದು ಮಾಡಿ ಪೆಟ್ರೋಲ್ ಕಾರಿನೊಳಗೆ ಕೂರಿಸಿದಂತಾಯಿತು. ವಿದ್ಯುತ್ ಕಾರಿಗಿದ್ದ ದೊಡ್ಡ ಅನುಕೂಲವೊಂದು ಎದುರಾಳಿಯ ಪಾಲಾಯಿತು. 1919ರ ಹೊತ್ತಿಗೆ ಫೋರ್ಡನ ಮಾಡೆಲ್ ಟಿ ಕಾರಿಗೂ ಬೇಕೆಂದರೆ ಸೆಲ್ಫ್ ಸಿಗುತ್ತಿತ್ತು.

ಹೀಗೆ ಒಳಹೊಕ್ಕ ಬ್ಯಾಟರಿಯ ಮೇಲೆ ಒಂದೊಂದೇ ಭಾರ ಬಿತ್ತು: ದೀಪ, ಹಾರನ್, ವೈಪರ್, ರೇಡಿಯೋ. ಬಹುಕಾಲ 6 ವೋಲ್ಟ್ ಸಾಕಾಗಿತ್ತು. 1950ರ ದಶಕದಲ್ಲಿ ಎಂಜಿನ್ನುಗಳು ದೊಡ್ಡದಾದಾಗ ಅಮೆರಿಕದ ಕಂಪನಿಗಳು 12 ವೋಲ್ಟಿಗೆ ಬಂದವು, ಉಳಿದವರು ಹಿಂಬಾಲಿಸಿದರು. ಅಲ್ಲಿಂದ ಜಗತ್ತಿನ ಬಲ್ಬು, ರಿಲೇ, ಫ್ಯೂಸು, ಕಿಟಕಿಯ ಮೋಟಾರು ಎಲ್ಲವೂ 12ರ ಅಳತೆಯವಾದವು. ಬೀದಿ ಬದಿಯ ಬ್ಯಾಟರಿ ಅಂಗಡಿಯ ಲೋಕವೇ ಈ ಸಂಖ್ಯೆಯ ಮೇಲೆ ನಿಂತಿದೆ.

ವಿದ್ಯುತ್ ಕಾರು ಮರಳಿ ಬಂದಾಗ ಈ ಲೋಕ ಸಿದ್ಧವಾಗಿ ಕಾದಿತ್ತು. ನಮ್ಮ ಬೆಂಗಳೂರಿನ ರೇವಾ 2001ರಲ್ಲಿ ರಸ್ತೆಗಿಳಿದಾಗ ಅದನ್ನು ಓಡಿಸುತ್ತಿದ್ದದ್ದು 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು, ಒಟ್ಟು 48 ವೋಲ್ಟ್. ಪ್ಲಾಂಟೆ ಬಂದು ನೋಡಿದ್ದರೂ ಗುರುತು ಹಿಡಿಯುತ್ತಿದ್ದ. 2010ರ ನಿಸ್ಸಾನ್ ಲೀಫ್ ಹೊತ್ತಿಗೆ ಲಿಥಿಯಂ ಬಂದು ವೋಲ್ಟೇಜು 300 ದಾಟಿತ್ತು. ಆದರೂ ಬಾನೆಟ್ ಎತ್ತಿದರೆ ಅದೇ 12 ವೋಲ್ಟಿನ ಸೀಸದ ಪೆಟ್ಟಿಗೆ. ಏಕೆಂದರೆ ಬಿಡಿಭಾಗಗಳೆಲ್ಲ 12 ವೋಲ್ಟಿನವು. ಇನ್ನೂ ಮುಖ್ಯವಾಗಿ, ಮುನ್ನೂರು ನಾನೂರು ವೋಲ್ಟ್ ಜೀವಕ್ಕೆ ಅಪಾಯ. ಆದ್ದರಿಂದ ದೊಡ್ಡ ಬ್ಯಾಟರಿಯ ಬಾಯಿಗೆ ಕಾಂಟ್ಯಾಕ್ಟರ್ ಎಂಬ ದಪ್ಪ ಸ್ವಿಚ್ಚುಗಳಿರುತ್ತವೆ. ಅವು ತಾವಾಗಿ ಬಿಟ್ಟುಕೊಂಡೇ ಇರುತ್ತವೆ. 12 ವೋಲ್ಟ್ ಹರಿದರೆ ಮಾತ್ರ ಕೂಡಿಕೊಳ್ಳುತ್ತವೆ. ಅಪಘಾತವಾಗಿ ಈ ಹರಿವು ತಪ್ಪಿದರೆ ದೊಡ್ಡ ವಿದ್ಯುತ್ತು ಪೆಟ್ಟಿಗೆಯೊಳಗೇ ಉಳಿಯುತ್ತದೆ. ಪೆಟ್ರೋಲ್ ಕಾರಿನಲ್ಲಿ ಸಣ್ಣ ಬ್ಯಾಟರಿಯನ್ನು ತುಂಬಿಸಲು ಆಲ್ಟರ್ನೇಟರ್ ಇದ್ದಂತೆ, ಇಲ್ಲಿ ಡಿಸಿ-ಡಿಸಿ ಕನ್ವರ್ಟರ್ ದೊಡ್ಡದರಿಂದ ತೆಗೆದು ಸಣ್ಣದಕ್ಕೆ ಕೊಡುತ್ತದೆ. ವಿನ್ಯಾಸದಲ್ಲಿ ತಪ್ಪಿಲ್ಲ. ಆದರೆ ಸಣ್ಣದು ಸತ್ತರೆ ದೊಡ್ಡದು ಎಷ್ಟು ತುಂಬಿದ್ದರೂ ಕಾರು ಕದಲುವುದಿಲ್ಲ.

ಇದು ನನಗೆ ತಿಳಿದದ್ದು ಹೋದ ಬೇಸಿಗೆಯಲ್ಲಿ. ಕಾರು ಕೊಂಡು ಮೂರು ತಿಂಗಳಾಗಿತ್ತು. ಅಮ್ಮನನ್ನು ಧಾರವಾಡಕ್ಕೆ ಕರೆದೊಯ್ಯುತ್ತಿದ್ದೆ. ಶಿರವಳ ದಾಟಿದ ಮೇಲೆ ಎದುರಿನ ಪರದೆಯಲ್ಲಿ ‘12 ವೋಲ್ಟ್ ವ್ಯವಸ್ಥೆಯಲ್ಲಿ ದೋಷ, ಸುರಕ್ಷಿತವಾಗಿ ನಿಲ್ಲಿಸಿ’ ಎಂಬ ಎಚ್ಚರಿಕೆ ಬಂತು. ಕಾರನ್ನು ಎಡಕ್ಕೆ ತಂದು ರಸ್ತೆಯ ಅಂಚಿಗೆ ನಿಲ್ಲಿಸಿದೆ. ಎರಡು ನಿಮಿಷಕ್ಕೆ ಏಸಿ ನಿಂತಿತು, ಪರದೆ ಕಪ್ಪಾಯಿತು, ಹಜಾರ್ಡ್ ದೀಪಗಳು ಮಂಕಾಗಿ ಆರಿದವು. ದೊಡ್ಡ ಬ್ಯಾಟರಿಯಲ್ಲಿ ಶೇಕಡಾ 81ರಷ್ಟು ಚಾರ್ಜ್ ಇತ್ತು.

ಮುಂದಿನ ಬಾಗಿಲು ಒಳಗಿನ ಹಿಡಿಕೆಯಿಂದ ತೆರೆಯಿತು. ಅಮ್ಮ ಕುಳಿತಿದ್ದದ್ದು ಹಿಂದೆ. ಮಗಳಿಗಾಗಿ ಹಿಂದಿನ ಎರಡೂ ಬಾಗಿಲಿಗೆ ಚೈಲ್ಡ್ ಲಾಕ್ ಇತ್ತು, ಒಳಗಿನಿಂದ ತೆರೆಯದು. ಹೊರಗಿನ ಹಿಡಿಕೆ ಕರೆಂಟಿನದು, ಬಾಗಿಲಿನೊಳಗೆ ಅಡಗಿ ಕುಳಿತಿತ್ತು. ಕಿಟಕಿಯೂ ಇಳಿಯದು. ಎಪ್ಪತ್ನಾಲ್ಕು ವರ್ಷದ, ಮೊಣಕಾಲು ಮಡಚಲಾಗದ ಅಮ್ಮ ಎರಡು ಸೀಟುಗಳ ನಡುವೆ ನುಸುಳಿ ಮುಂದೆ ಬರುವಂತಿರಲಿಲ್ಲ. ಪಕ್ಕದಲ್ಲೇ ಲಾರಿಗಳು ಗಾಳಿ ಬೀಸುತ್ತ ಹೋಗುತ್ತಿದ್ದವು. “ಗಾಬರಿ ಆಗಬ್ಯಾಡೋ, ನಾ ಆರಾಮ ಇದ್ದೀನಿ,” ಎಂದಳು. ಮುಖ ಬೆವೆತು ಕೆಂಪಾಗಿತ್ತು. ಎಡಗಡೆಯ ಮುಂದಿನ ಬಾಗಿಲು ತೆರೆದಿಟ್ಟು, ಟವೆಲ್ ಒದ್ದೆ ಮಾಡಿ ಕೊಟ್ಟೆ. ಕಾರಿನ ಹಿಂದೆ ಒಂದಷ್ಟು ದೂರದಲ್ಲಿ ತ್ರಿಕೋನ ಇಟ್ಟು, ಹೆದ್ದಾರಿಯ 1033ಕ್ಕೆ ಫೋನ್ ಮಾಡಿದೆ. ಹತ್ತಿರದ ಢಾಬಾದವರು ಒಬ್ಬ ಬ್ಯಾಟರಿ ಮೆಕ್ಯಾನಿಕ್ಕನನ್ನು ಕಳಿಸಿದರು.

ಬೈಕಿನಲ್ಲಿ ಬಂದವನು ನನ್ನ ಮರಾಠಿ ಕೇಳಿ ನಕ್ಕ. “ಕನ್ನಡದೋರೇನ್ರೀ ಸರ? ನಾ ಇಂಡಿಯಾಂವ,” ಎಂದ. ಬಾನೆಟ್ ತೆರೆದುಕೊಟ್ಟೆ. ಮೀಟರ್ ಹಚ್ಚಿದರೆ ಒಂಬತ್ತು ವೋಲ್ಟೂ ಇಲ್ಲ. ಕಾರಿನ ಪುಸ್ತಕದಲ್ಲಿ ಜಂಪ್ ಕೊಡುವ ಜಾಗ ನೋಡಿ ತೋರಿಸಿದೆ. ಅವನು ಕೈಪೆಟ್ಟಿಗೆಯಿಂದ ಜಂಪ್ ಕೊಟ್ಟ. ಪರದೆ ಬೆಳಗಿತು. ನಾನು ಮೊದಲು ಓಡಿದ್ದು ಹಿಂದಿನ ಬಾಗಿಲಿಗೆ. ಅಮ್ಮ ಹೊರಗೆ ಬಂದು ಬೇಲಿಯಾಚೆ ನೆರಳಲ್ಲಿ ಕೂತಳು. ಒಳಗೆ ಸಿಕ್ಕಿ ಕುಳಿತದ್ದು ಇಪ್ಪತ್ತೈದು ನಿಮಿಷ.

ಅವನ ಕಣ್ಣು ಮೀಟರಿನ ಮೇಲೇ ಇತ್ತು. “ಸರ, ಗಾಡಿ ಚಾಲೂ ಆದ ಮ್ಯಾಲ ಹದಿನಾಕರ ಸನೇಕ ಏರಬೇಕು. ಏರವಲ್ದು. ಆಲ್ಟರ್ನೇಟರ್ ಹೋಗೇತಿ.”

“ಇದರಾಗ ಆಲ್ಟರ್ನೇಟರ್ ಇರೂದಿಲ್ಲಪಾ.”

“ಏನರ ಇರ್ಲಿ ಸರ, ಅದರ ಕೆಲಸ ಮಾಡೂದು ಒಂದು ಇರಬೇಕಲ್ರೀ? ಅದು ಸತ್ತೈತಿ.”

ಜಂಪ್ ತೆಗೆದ ಸ್ವಲ್ಪ ಹೊತ್ತಿಗೆ ಕಾರು ಮತ್ತೆ ಮಲಗಿತು. ಚಕ್ರಗಳು ನೆಲ ತಾಗದಂತೆ ಫ್ಲ್ಯಾಟ್‌ಬೆಡ್ ಲಾರಿಯ ಮೇಲೇರಿಸಿ ಪುಣೆಗೆ ತಂದದ್ದಾಯಿತು. ಒಂಬತ್ತು ದಿನದ ಮೇಲೆ ಸರ್ವಿಸ್ ಸೆಂಟರಿನವರು ಕೊಟ್ಟ ಕಾಗದದಲ್ಲಿ ಡಿಸಿ-ಡಿಸಿ ಕನ್ವರ್ಟರ್ ಬದಲಿಸಿದ್ದೇವೆ ಎಂದಿತ್ತು. ವಿದ್ಯುತ್ ಕಾರನ್ನು ಎಂದೂ ಬಿಚ್ಚದ ಹುಡುಗ ರಸ್ತೆ ಬದಿಯಲ್ಲಿ ಹೇಳಿದ್ದು ಅದನ್ನೇ. ಕೆಟರಿಂಗನ ಕಾಲದಿಂದ ಬಂದ ತರ್ಕ ಅವನ ಕೈಯಲ್ಲಿತ್ತು: ಬ್ಯಾಟರಿ ಬಳಕೆಯಾದಷ್ಟೂ ಅದನ್ನು ತುಂಬಿಸುವುದೊಂದು ಇರಲೇಬೇಕು, ಇದೆಯೋ ಇಲ್ಲವೋ ಮೀಟರ್ ಹೇಳುತ್ತದೆ.

ಆಮೇಲೆ ನಾನು ಹೆಚ್ಚು ಯೋಚಿಸಿದ್ದು ಬಾಗಿಲಿನ ಬಗ್ಗೆ. ನೂರು ವರ್ಷಗಳ ಹಿಂದಿನ ಕಾರಿನಲ್ಲಿ ಬ್ಯಾಟರಿ ಸತ್ತರೆ ದೀಪ ಹೋಗುತ್ತಿತ್ತು, ಹ್ಯಾಂಡಲ್ ತಿರುಗಿಸಬೇಕಾಗುತ್ತಿತ್ತು. ಬಾಗಿಲು ಮಾತ್ರ ತೆರೆಯುತ್ತಿತ್ತು. ನಾವು ಬಾಗಿಲನ್ನೂ ಅದೇ ಬ್ಯಾಟರಿಗೆ ಒಪ್ಪಿಸಿದ್ದೇವೆ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2021ರ ಮಾಡೆಲ್ಲಿನ ಸುಮಾರು 1,74,000 ಟೆಸ್ಲಾ ಮಾಡೆಲ್ ವೈ ಕಾರುಗಳ ಬಗ್ಗೆ ತನಿಖೆ ಆರಂಭಿಸಿತು. ಸಣ್ಣ ಬ್ಯಾಟರಿಯ ವೋಲ್ಟೇಜು ಇಳಿದಾಗ ಹೊರಗಿನ ಹಿಡಿಕೆ ಕೆಲಸ ಮಾಡದೆ, ಹಿಂದೆ ಕುಳಿತ ಮಕ್ಕಳನ್ನು ತೆಗೆಯಲು ಕೆಲವು ತಂದೆತಾಯಿಗಳು ಗಾಜು ಒಡೆಯಬೇಕಾಗಿ ಬಂದಿತ್ತು. ಒಳಗೆ ಕೈಯಿಂದ ಎಳೆಯುವ ವ್ಯವಸ್ಥೆ ಇದ್ದರೂ ಪುಟ್ಟ ಮಗುವಿಗೆ ಅದು ಎಟುಕುವುದೂ ಇಲ್ಲ, ತಿಳಿಯುವುದೂ ಇಲ್ಲ.

ಶೋರೂಮಿನಲ್ಲಿ ನಾವೆಲ್ಲ ಕೇಳುವ ಪ್ರಶ್ನೆ ಒಂದೇ: ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್? ಅದರ ಜೊತೆ ಇನ್ನು ನಾಲ್ಕನ್ನು ಕೇಳಬೇಕು. ಕರೆಂಟು ಪೂರ್ತಿ ಹೋದರೆ ನಾಲ್ಕು ಬಾಗಿಲಲ್ಲಿ ಯಾವುವು ಕೈಯಿಂದ ತೆರೆಯುತ್ತವೆ? ರಿಮೋಟಿನೊಳಗೆ ಲೋಹದ ಕೀಲಿ ಇದೆಯೇ, ಅದರ ತೂತು ಎಲ್ಲಿದೆ? ಬಾನೆಟ್ ತೆರೆಯಲು ತಂತಿ ಇದೆಯೇ, ಅದಕ್ಕೂ ಕರೆಂಟೇ ಬೇಕೇ? ಜಂಪ್ ಎಲ್ಲಿಗೆ ಕೊಡಬೇಕು? ಇವನ್ನು ಮನೆಯವರಿಗೆಲ್ಲ ಒಮ್ಮೆ ಕೈಯಿಂದ ಮಾಡಿಸಿ ತೋರಿಸುವುದು ಒಳ್ಳೆಯದು. ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳು ದೊಡ್ಡ ವೋಲ್ಟೇಜಿನವು, ಅವನ್ನು ಯಾರೂ ಮುಟ್ಟಬಾರದು ಎಂಬುದನ್ನೂ ಸೇರಿಸಿ.

ಈಗ ಈ ಕಥೆ ಮತ್ತೆ ತಿರುಗುತ್ತಿದೆ. ಕೆಲವು ಕಾರುಗಳಲ್ಲಿ 12 ವೋಲ್ಟಿನ ಜಾಗಕ್ಕೂ ಸೀಸ ಹೋಗಿ ಲಿಥಿಯಂ ಬಂದಿದೆ. 2023ರ ಕೊನೆಗೆ ಬಂದ ಟೆಸ್ಲಾ ಸೈಬರ್‌ಟ್ರಕ್ 48 ವೋಲ್ಟಿಗೆ ಹಾರಿತು. ತಂತಿ ತೆಳ್ಳಗಾಗುತ್ತದೆ, ತಾಮ್ರ ಉಳಿಯುತ್ತದೆ. ಹನ್ನೆರಡೋ ನಲವತ್ತೆಂಟೋ, ದೊಡ್ಡ ಬ್ಯಾಟರಿಯನ್ನು ಎಬ್ಬಿಸಲು ಸಣ್ಣದೊಂದು ಬೇಕೇ ಬೇಕು. ಅದು ಒಂದು ದಿನ ಸಾಯುವುದೂ ಖಚಿತ. ಆ ದಿನ ಬಾಗಿಲಾದರೂ ಮನುಷ್ಯನ ಕೈಮಾತು ಕೇಳುವಂತಿರಲಿ ಎಂದು ಕಾರು ಮಾಡುವವರನ್ನು ಕೇಳುವ ಹಕ್ಕು, ಹಣ ಕೊಡುವ ನಮಗಿದೆ.