ಹಣೆಬರಹವೋ, ದೇವರ ಕರೆಯೋ? ಪೂರ್ವನಿಯೋಜನೆ ಮತ್ತು ಮಾನವ ಸ್ವಾತಂತ್ರ್ಯ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಮಳೆ ಕೈಕೊಟ್ಟು ತೊಗರಿ ಒಣಗಿದಾಗ ಜನರ ಬಾಯಲ್ಲಿ ಬರುವ ಮಾತು "ನಮ್ಮ ಹಣೆಬರಹ". 2020ರ ಅಕ್ಟೋಬರಿನಲ್ಲಿ ಆದಂತೆ ಭೀಮಾ ನದಿ ಉಕ್ಕಿ ಹೊಲಮನೆ ಮುಳುಗಿದಾಗಲೂ ಅದೇ ಮಾತು. ಕರಾವಳಿಯ ನಾವೂ ಸಾವಿನ ಮನೆಗೆ ಹೋಗಿ "ಎಲ್ಲಾ ದೇವರ ಚಿತ್ತ" ಎಂದು ಹೇಳಿ ಬರುತ್ತೇವೆ. ಎಲ್ಲವೂ ಮೊದಲೇ ಬರೆದಿಟ್ಟದ್ದಾದರೆ ಪ್ರಾರ್ಥನೆ ಏಕೆ? ಪಾಪನಿವೇದನೆ ಏಕೆ?

ಈ ಮೂರು ತಾಲೂಕುಗಳು 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ಧರ್ಮಪ್ರಾಂತ್ಯಕ್ಕೆ ಸೇರಿವೆ. ಅದರ ಪ್ರಥಮ ಧರ್ಮಾಧ್ಯಕ್ಷರಾದ ವಂದನೀಯ ರಾಬರ್ಟ್ ಮೈಕಲ್ ಮಿರಾಂದ ಅವರು ಮಂಗಳೂರು ಧರ್ಮಪ್ರಾಂತ್ಯದ ಗುರುಗಳಾಗಿದ್ದವರು. ಅಲ್ಲಿ ಸೇವೆ ಮಾಡುವವರಿಗೂ ಇಲ್ಲಿಯ ಉಪದೇಶಿಗಳಿಗೂ ಈ ಪ್ರಶ್ನೆ ಎದುರಾಗುತ್ತದೆ.

ಪವಿತ್ರ ಗ್ರಂಥದಲ್ಲಿ

ದೇವರು ನಮ್ಮನ್ನು ಮೊದಲೇ ಅರಿತು, ತಮ್ಮ ಪುತ್ರನ ಹೋಲಿಕೆಗೆ ಬರುವಂತೆ ನೇಮಿಸಿದರೆಂದು ಸಂತ ಪೌಲರು ರೋಮನರಿಗೆ ಬರೆದರು (8:29). ಲೋಕ ಉಂಟಾಗುವ ಮೊದಲೇ ಆರಿಸಿಕೊಂಡರೆಂದು ಎಫೆಸಿಯರಿಗೆ ತಿಳಿಸಿದರು (1:4-5). ಅದೇ ಪವಿತ್ರ ಗ್ರಂಥ, ಜೀವ ಮತ್ತು ಮರಣ ನಿನ್ನ ಮುಂದಿವೆ, ಜೀವವನ್ನು ಆರಿಸಿಕೋ ಎಂದು ಕರೆಯುತ್ತದೆ (ಧರ್ಮೋಪದೇಶಕಾಂಡ 30:19). ನನ್ನ ಪಾಪಕ್ಕೆ ದೇವರೇ ಕಾರಣ ಎನ್ನಬೇಡ ಎಂಬುದು ಸಿರಾಖನ ಎಚ್ಚರಿಕೆ (15:11-20). ಎಲ್ಲ ಮಾನವರೂ ರಕ್ಷಣೆ ಹೊಂದಬೇಕೆಂಬುದೇ ದೇವರ ಇಚ್ಛೆ (1 ತಿಮೊಥೇಯ 2:4).

ಚರಿತ್ರೆಯಲ್ಲಿ

5ನೇ ಶತಮಾನದಲ್ಲಿ ಪೆಲೇಜಿಯಸ್, ಮನುಷ್ಯ ತನ್ನ ಸ್ವಂತ ಶಕ್ತಿಯಿಂದಲೇ ಒಳ್ಳೆಯವನಾಗಬಲ್ಲ ಎಂದು ಬೋಧಿಸಿದರು. ವರಪ್ರಸಾದವಿಲ್ಲದೆ ಅದು ಅಸಾಧ್ಯವೆಂದು ಸಂತ ಅಗಸ್ಟೀನರು ಉತ್ತರಿಸಿದರು. 529ರ ಆರೆಂಜ್ ಸಭೆ ವರಪ್ರಸಾದವೇ ಮೊದಲು ಎಂಬುದನ್ನು ಎತ್ತಿಹಿಡಿಯಿತು. ಜೊತೆಗೆ ದೇವರು ಯಾರನ್ನೂ ಕೆಡುಕಿಗೆ ನೇಮಿಸುವುದಿಲ್ಲವೆಂದು ಸ್ಪಷ್ಟಪಡಿಸಿತು.

16ನೇ ಶತಮಾನದಲ್ಲಿ ಜಾನ್ ಕಾಲ್ವಿನ್, ಕೆಲವರು ನಿತ್ಯಜೀವಕ್ಕೆ, ಕೆಲವರು ನಿತ್ಯನಾಶಕ್ಕೆ ನೇಮಿತರೆಂದು ಬೋಧಿಸಿದರು. 1547ರಲ್ಲಿ ಟ್ರೆಂಟ್ ಮಹಾಸಭೆ ಈ ಅಭಿಪ್ರಾಯವನ್ನು ತಳ್ಳಿಹಾಕಿತು. ದೇವರು ಪ್ರೇರೇಪಿಸುತ್ತಾರೆ, ಮನುಷ್ಯ ಒಪ್ಪಿ ಸಹಕರಿಸುತ್ತಾನೆ, ನಿರಾಕರಿಸಲೂ ಬಲ್ಲ ಎಂಬುದು ಮಹಾಸಭೆಯ ಬೋಧನೆ. ವರಪ್ರಸಾದ ಮತ್ತು ಸ್ವಾತಂತ್ರ್ಯ ಹೇಗೆ ಕೂಡುತ್ತವೆ ಎಂಬ ಬಗ್ಗೆ ದೊಮಿನಿಕನ್ ಮತ್ತು ಯೇಸುಸಭೆಯ ಪಂಡಿತರು ವಾದಿಸಿದಾಗ, 1607ರಲ್ಲಿ ಜಗದ್ಗುರು ಐದನೇ ಪೌಲರು ಯಾರನ್ನೂ ಖಂಡಿಸದೆ, ಒಬ್ಬರು ಇನ್ನೊಬ್ಬರನ್ನು ನಿಂದಿಸಬಾರದೆಂದು ಆಜ್ಞಾಪಿಸಿದರು.

ಬೀದರ್, ಕಲಬುರಗಿ ಭಾಗದಲ್ಲಿ ಮೆಥೋಡಿಸ್ಟ್ ಕ್ರೈಸ್ತರು ಬಹಳ ಕಾಲದಿಂದ ಇದ್ದಾರೆ. ಅವರ ಪಂಥದ ಸ್ಥಾಪಕ ಜಾನ್ ವೆಸ್ಲಿ 1739ರಲ್ಲೇ ಕಾಲ್ವಿನ್‌ ಬೋಧನೆಯ ವಿರುದ್ಧ ಪ್ರಸಂಗ ಮಾಡಿ, ಕೃಪೆ ಎಲ್ಲರಿಗೂ ಉಚಿತವೆಂದು ಸಾರಿದ್ದರು. ಕಥೋಲಿಕರೂ ಲೂಥರನರೂ 1999ರಲ್ಲಿ ಸಹಿ ಮಾಡಿದ ನೀತೀಕರಣದ ಜಂಟಿ ಘೋಷಣೆಗೆ ಜಾಗತಿಕ ಮೆಥೋಡಿಸ್ಟ್ ಮಂಡಳಿಯೂ 2006ರಲ್ಲಿ ಸಮ್ಮತಿ ನೀಡಿತು. ಆದ್ದರಿಂದ ಈ ವಿಷಯದಲ್ಲಿ ಅಲ್ಲಿಯ ನೆರೆಯ ಸಭೆಯವರೊಡನೆ ನಮಗೆ ಜಗಳಕ್ಕಿಂತ ಒಮ್ಮತವೇ ಹೆಚ್ಚು.

ದೇವರ ಅರಿವು, ನಮ್ಮ ನಿರ್ಧಾರ

ದೇವರಿಗೆ ಮೊದಲೇ ತಿಳಿದಿದ್ದರೆ ನಾವು ಬೇರೆ ರೀತಿ ನಡೆಯಲು ಸಾಧ್ಯವೆ? ಪಕ್ಕದ ಹೊಲದವನು ಬಿತ್ತುವುದನ್ನು ನಾನು ನೋಡಿದ ಮಾತ್ರಕ್ಕೆ ಅವನ ಕೈಯಿಂದ ನಾನೇ ಬಿತ್ತಿಸಿದಂತಾಗದು. ದೇವರಿಗೆ ನಿನ್ನೆ ನಾಳೆಗಳಿಲ್ಲ. ಎಲ್ಲ ಕಾಲವೂ ಅವರ ಮುಂದೆ ಇಂದಿನಂತಿದೆ. ಕಥೋಲಿಕ ಧರ್ಮೋಪದೇಶ ಗ್ರಂಥದ ಪ್ರಕಾರ (600) ದೇವರ ಯೋಜನೆಯಲ್ಲಿ ಪ್ರತಿಯೊಬ್ಬರ ಸ್ವತಂತ್ರ ಉತ್ತರವೂ ಸೇರಿದೆ. ಪೇತ್ರನು ತಮ್ಮನ್ನು ಅಲ್ಲಗಳೆಯುವನೆಂದು ಯೇಸುಸ್ವಾಮಿ ಮೊದಲೇ ಹೇಳಿದ್ದರು. ಆದರೂ ಅಲ್ಲಗಳೆದವನು ಪೇತ್ರನೇ, ಅತ್ತು ಹಿಂತಿರುಗಿದವನೂ ಪೇತ್ರನೇ. ಯಾರನ್ನೂ ದೇವರು ನರಕಕ್ಕೆ ನೇಮಿಸುವುದಿಲ್ಲ (1037).

ಆಳಂದದ ಲಾಡ್ಲೆ ಮಶಾಕ ದರ್ಗಾಕ್ಕೆ, ಅಫಜಲಪುರ ತಾಲೂಕಿನ ಗಾಣಗಾಪುರದ ದತ್ತಾತ್ರೇಯ ಕ್ಷೇತ್ರಕ್ಕೆ ಹೋಗುವ ನೆರೆಹೊರೆಯವರನ್ನು ದೇವರು ಕೈಬಿಟ್ಟಿದ್ದಾರೆಯೆ? ಇಲ್ಲ. ಕ್ರಿಸ್ತರು ಎಲ್ಲರಿಗಾಗಿ ಸತ್ತರು. ದೇವರಿಗೆ ಮಾತ್ರ ತಿಳಿದಿರುವ ರೀತಿಯಲ್ಲಿ ಪವಿತ್ರಾತ್ಮರು ಎಲ್ಲರಿಗೂ ರಕ್ಷಣೆಯ ಅವಕಾಶ ನೀಡುತ್ತಾರೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಕಲಿಸಿತು.

ಸೇವೆಯಲ್ಲಿರುವವರಿಗೆ

ಸಾಲದ ಹೊರೆಯಿಂದ ರೈತನೊಬ್ಬ ಪ್ರಾಣ ಕಳೆದುಕೊಂಡ ಮನೆಯಲ್ಲಿ "ದೇವರು ಹೀಗೇ ಬರೆದಿದ್ದರು" ಎಂದು ದಯವಿಟ್ಟು ಹೇಳಬೇಡಿ. ಆ ಮಾತು ವಿಧವೆಗೆ ಸಮಾಧಾನವಲ್ಲ. ಅವಳ ಕಣ್ಣಿಗೆ ದೇವರನ್ನೇ ವೈರಿಯಾಗಿಸುತ್ತದೆ. "ಅವನು ನರಕಕ್ಕೆ ಹೋದ" ಎಂದೂ ಹೇಳಬೇಡಿ. ತೀವ್ರ ಮನೋವೇದನೆ ಹೊಣೆಯನ್ನು ತಗ್ಗಿಸುತ್ತದೆ. ಅಂಥವರ ರಕ್ಷಣೆಯ ಬಗ್ಗೆ ನಿರಾಶೆ ಬೇಡ, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ (2282-2283). ಅವಳೊಡನೆ ಕುಳಿತು ಪ್ರಾರ್ಥಿಸಿ. ಪರಿಹಾರದ ಅರ್ಜಿ ಬರೆಯಲು, ಮಕ್ಕಳ ಶಾಲೆ ನಿಲ್ಲದಂತೆ ನೋಡಿಕೊಳ್ಳಲು ನೆರವಾಗಿ.

ಹುಡುಗಿಯ ಓದು ಬಿಡಿಸಿ ಎಳೆಯ ವಯಸ್ಸಿನಲ್ಲೇ ಮದುವೆ ಮಾಡುವುದು ಹಣೆಬರಹವಲ್ಲ, ದೊಡ್ಡವರ ನಿರ್ಧಾರ. ಕುಡಿತವೂ ಹಾಗೆಯೇ: ಬಿಡುವುದು ಕಷ್ಟ, ಆದರೆ ವರಪ್ರಸಾದದಿಂದಲೂ ಇತರರ ನೆರವಿನಿಂದಲೂ ಸಾಧ್ಯ.

ದೇವದೂತ ಬಂದಾಗ ಮಾತೆ ಮರಿಯಮ್ಮನವರನ್ನು ದೇವರು ಅನಾದಿಯಿಂದಲೇ ಆರಿಸಿಕೊಂಡಿದ್ದರು. ಆದರೂ ಅವರ ಒಪ್ಪಿಗೆಗಾಗಿ ಕಾದರು. ನಮ್ಮ ಒಪ್ಪಿಗೆಗೂ ಅವರು ಹಾಗೆಯೇ ಕಾಯುತ್ತಾರೆ.